ಲೋಗೊ ಬರುತ್ತೆ, ವಿಂಡೋಸ್ ಬರಲ್ಲ: ಒಳಗಿರುವ ಟ್ಯಾಲಿ ಡೇಟಾ ಹೊರಗೆ ತೆಗೆಯೋದು ಹೇಗೆ?

ಅಂಗಡಿಲೆಕ್ಕ:

ಎಲ್ಲರಿಗೂ ನಮಸ್ಕಾರ. ಲ್ಯಾಪ್‌ಟಾಪ್ 2021ರದ್ದು. ಇಂಟೆಲ್ 11ನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್, 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ವಿಂಡೋಸ್ 11 ಹೋಮ್. ಎರಡು ತಿಂಗಳು ಬ್ಯಾಗ್‌ನಲ್ಲೇ ಇತ್ತು, ಬ್ಯಾಟರಿ ಪೂರ್ತಿ ಇಳಿದಿತ್ತು. ಚಾರ್ಜ್‌ಗೆ ಹಾಕಿ ಆನ್ ಮಾಡಿದರೆ ಕಂಪನಿ ಲೋಗೊ ಬರುತ್ತೆ, ಕೆಳಗೆ ಚುಕ್ಕಿಗಳು ಸುತ್ತುತ್ತವೆ, ಐದಾರು ಸೆಕೆಂಡಿಗೆ ನೀಲಿ ಸ್ಕ್ರೀನ್. ಅದರಲ್ಲಿ ಸ್ಟಾಪ್ ಕೋಡ್ "ಇನಾಕ್ಸೆಸಿಬಲ್ ಬೂಟ್ ಡಿವೈಸ್" ಅಂತಿದೆ. ತಾನೇ ರೀಸ್ಟಾರ್ಟ್ ಆಗಿ ಮತ್ತೆ ಅದೇ. ಎರಡು ಮೂರು ಸಲ ಹೀಗಾದ ಮೇಲೆ "ಆಟೊಮ್ಯಾಟಿಕ್ ರಿಪೇರ್" ಬಂತು, ರಿಪೇರಿ ಆಗಲ್ಲ ಅಂತು.

ಬೇಕಾಗಿರೋದು: ಮೂರು ವರ್ಷದ ಟ್ಯಾಲಿ ಲೆಕ್ಕ, ನುಡಿಯಲ್ಲಿ ಟೈಪ್ ಮಾಡಿದ ಸುಮಾರು 400 ವರ್ಡ್ ಫೈಲು, 60 ಜಿಬಿ ಫೋಟೊ. ರಿಪೇರಿ ಅಂಗಡಿಯಲ್ಲಿ "ಎಸ್‌ಎಸ್‌ಡಿ ಹೋಗಿದೆ, ಹೊಸದು ಹಾಕಿ ವಿಂಡೋಸ್ ಹೊಡೀತೀವಿ, ಡೇಟಾ ಆಸೆ ಬಿಡಿ" ಅಂದರು. ಇನ್ನೂ ಕೊಟ್ಟಿಲ್ಲ. 20ನೇ ತಾರೀಖಿನೊಳಗೆ ಜಿಎಸ್‌ಟಿ ರಿಟರ್ನ್ ಹಾಕಬೇಕು. ನಿಜವಾಗಿ ಎಸ್‌ಎಸ್‌ಡಿ ಹೋಗಿದೆಯಾ?

ಬೆಸುಗೆಕಡ್ಡಿ:

ಕೊಡದೆ ಇದ್ದದ್ದು ಒಳ್ಳೇದಾಯ್ತು. ನೀವು ಬರೆದಿರುವ ಲಕ್ಷಣ ನೋಡಿದರೆ ಎಸ್‌ಎಸ್‌ಡಿ ಸತ್ತಿಲ್ಲ.

ಲೋಗೊ ಕೆಳಗೆ ಚುಕ್ಕಿ ಸುತ್ತಬೇಕಾದರೆ ವಿಂಡೋಸ್‌ನ ಬೂಟ್ ಫೈಲುಗಳು ಆ ಎಸ್‌ಎಸ್‌ಡಿಯಿಂದಲೇ ಓದಿ ಬಂದಿರಬೇಕು. ಎಸ್‌ಎಸ್‌ಡಿ ಪೂರ್ತಿ ಹೋಗಿದ್ದರೆ "ನೋ ಬೂಟಬಲ್ ಡಿವೈಸ್" ಅಂತಲೋ, ನೇರ ಬಯಾಸ್ (ವಿಂಡೋಸ್‌ಗೂ ಮುಂಚೆ ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಪುಟವೋ ಬರುತ್ತಿತ್ತು, ಚುಕ್ಕಿ ಬರುತ್ತಿರಲಿಲ್ಲ. ಇಲ್ಲಿ ಡಿಸ್ಕನ್ನು ಓದುವವರು ಇಬ್ಬರು ಅಂತ ತಿಳ್ಕೊಳ್ಳಿ. ಮೊದಲ ಹಂತದಲ್ಲಿ ಬಯಾಸ್ ತನ್ನದೇ ಡ್ರೈವರ್‌ನಿಂದ (ಡಿಸ್ಕಿನ ಜೊತೆ ಮಾತಾಡುವ ಪುಟ್ಟ ಪ್ರೋಗ್ರಾಂ) ಓದಿ ವಿಂಡೋಸ್‌ನ ತಿರುಳಾದ ಕರ್ನಲ್ ಅನ್ನು ರ್‍ಯಾಮ್‌ಗೆ ತುಂಬುತ್ತದೆ. ಆಮೇಲೆ ವಿಂಡೋಸ್ ತನ್ನ ಡ್ರೈವರ್ ಹಿಡಿದು ಅದೇ ಡಿಸ್ಕನ್ನು ಹುಡುಕುತ್ತದೆ. ನಿಮ್ಮಲ್ಲಿ ಮೊದಲನೆಯವನಿಗೆ ಸಿಕ್ಕಿದೆ, ಎರಡನೆಯವನಿಗೆ ಸಿಕ್ಕಿಲ್ಲ.

ಏನನ್ನೂ ಬದಲಾಯಿಸದೆ ಇಷ್ಟು ನೋಡಿ ಹೇಳಿ:

1. ಬಯಾಸ್‌ಗೆ ಹೋಗಿ (ಎಫ್2, ಎಫ್10 ಅಥವಾ ಡಿಲೀಟ್) ಅಲ್ಲಿ ತೋರಿಸುವ ದಿನಾಂಕ ಯಾವುದು? ಎಸ್‌ಎಸ್‌ಡಿ ಮಾಡೆಲ್ ಹೆಸರು ಕಾಣುತ್ತದಾ? "ವಿಎಂಡಿ" ಅಥವಾ "ಸಾಟಾ ಮೋಡ್" ಅನ್ನುವ ಸಾಲು ಇದೆಯಾ, ಅದರ ಮುಂದೆ ಏನಿದೆ? ಪ್ರತಿ ಪುಟದ ಫೋಟೊ ಹೊಡೆದಿಟ್ಟುಕೊಳ್ಳಿ. "ಲೋಡ್ ಡಿಫಾಲ್ಟ್ಸ್" ಮುಟ್ಟಬೇಡಿ.
2. ಆಟೊಮ್ಯಾಟಿಕ್ ರಿಪೇರ್ ಪುಟದಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್, ಟ್ರಬಲ್‌ಶೂಟ್ ದಾಟಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. "ಡಿಸ್ಕ್‌ಪಾರ್ಟ್" ಕೊಟ್ಟು, ಒಳಗೆ "ಲಿಸ್ಟ್ ಡಿಸ್ಕ್" ಕೊಡಿ. ಏನು ಬರುತ್ತದೆ? (ಕಮಾಂಡ್‌ಗಳನ್ನು ಉಚ್ಚಾರದಂತೆ ಬರೆಯುತ್ತಿದ್ದೇನೆ, ಹೊಡೆಯುವಾಗ ಇಂಗ್ಲಿಷ್‌ನಲ್ಲೇ ಹೊಡೆಯಿರಿ.)
3. ಲ್ಯಾಪ್‌ಟಾಪ್ ತಂದ ಮೇಲೆ ಯಾರಾದರೂ ವಿಂಡೋಸ್ ಹೊಸದಾಗಿ ಹಾಕಿದ್ದಾರಾ?

ಅಂಗಡಿಲೆಕ್ಕ:

ದಿನಾಂಕ 1 ಜನವರಿ 2021 ತೋರಿಸ್ತಿದೆ! ಎಸ್‌ಎಸ್‌ಡಿ ಹೆಸರು ಇನ್ಫರ್ಮೇಷನ್ ಪುಟದಲ್ಲಿ ಇದೆ. ಮೇನ್ ಪುಟದಲ್ಲಿ "ವಿಎಂಡಿ ಕಂಟ್ರೋಲರ್: ಎನೇಬಲ್ಡ್". ಡಿಸ್ಕ್‌ಪಾರ್ಟ್‌ನಲ್ಲಿ ತೋರಿಸಲು ಫಿಕ್ಸೆಡ್ ಡಿಸ್ಕ್ ಯಾವುದೂ ಇಲ್ಲ ಅಂತು. ಹೋದ ವರ್ಷ ಸ್ಲೋ ಆಯ್ತು ಅಂತ ವಿಂಡೋಸ್ ಪೂರ್ತಿ ಹೊಸದಾಗಿ ಹಾಕಿಸಿದ್ದು ಹೌದು.

ಬೆಸುಗೆಕಡ್ಡಿ:

ಹಾಗಾದರೆ ಗಂಟು ಬಿಚ್ಚಿತು ಸರ್. ಸುಳಿವು ಕೊಟ್ಟದ್ದು ಗಡಿಯಾರ.

ಇಂಟೆಲ್ 11ನೇ ತಲೆಮಾರಿನಿಂದ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎನ್‌ವಿಎಂಇ ಡಿಸ್ಕು ವಿಎಂಡಿ ಅನ್ನುವ ಕಂಟ್ರೋಲರ್ ಹಿಂದೆ ಕೂತಿರುತ್ತದೆ. ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಸಾಮಾನ್ಯವಾಗಿ ಅದರ ಡ್ರೈವರ್ ಇರುವುದಿಲ್ಲ. ಹಾಗಾಗಿ ಹೊಸದಾಗಿ ಹಾಕುವಾಗ ಡಿಸ್ಕ್ ಪಟ್ಟಿ ಖಾಲಿ ಕಾಣುತ್ತದೆ. ಇಂಟೆಲ್‌ನ ಆರ್‌ಎಸ್‌ಟಿ ಡ್ರೈವರನ್ನು ಪೆನ್‌ಡ್ರೈವ್‌ನಲ್ಲಿ ಕೊಡುವುದು ಸರಿಯಾದ ಕ್ರಮ. ಅವಸರದಲ್ಲಿ ಎಲ್ಲರೂ ಮಾಡುವುದು ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡಿ ಮುಂದೆ ಹೋಗುವುದು. ನಿಮ್ಮದರಲ್ಲೂ ಹೋದ ವರ್ಷ ಹಾಗೇ ಮಾಡಿದ್ದಾರೆ ಅನ್ನಿಸುತ್ತದೆ. ಅದರಿಂದ ತೊಂದರೆ ಏನಿಲ್ಲ, ಸೆಟ್ಟಿಂಗ್ ಹಾಗೇ ಉಳಿಯುವವರೆಗೆ.

ಈಗ ಬ್ಯಾಟರಿ ಪೂರ್ತಿ ಇಳಿದು ಗಡಿಯಾರದ ಕರೆಂಟು ಹೋಯಿತು. ಗಡಿಯಾರ ಸತ್ತದ್ದು ಕಂಡ ಬಯಾಸ್ ತನ್ನ ಫ್ಯಾಕ್ಟರಿ ಸೆಟ್ಟಿಂಗ್‌ಗೆ ಹಿಂದಿರುಗಿತು, ವಿಎಂಡಿ ಆನ್ ಆಯಿತು. ನಿಮ್ಮ ವಿಂಡೋಸ್‌ನಲ್ಲಿ ಆ ಡ್ರೈವರ್ ಇಲ್ಲವಾದ್ದರಿಂದ ಡಿಸ್ಕು ಎದುರಿಗಿದ್ದೂ ಕಾಣುತ್ತಿಲ್ಲ. ರಿಪೇರ್ ಪರಿಸರಕ್ಕೂ ಅದೇ ಕುರುಡು, ಅದಕ್ಕೇ ಡಿಸ್ಕ್‌ಪಾರ್ಟ್ ಖಾಲಿ.

ಪರಿಹಾರ: ವಿಎಂಡಿ ಡಿಸೇಬಲ್ ಮಾಡಿ, ದಿನಾಂಕ ಸರಿಪಡಿಸಿ, ಎಫ್10 ಒತ್ತಿ ಸೇವ್. ಇದನ್ನು ಓದುವ ಬೇರೆಯವರಿಗೆ: ಏಸರ್‌ನಲ್ಲಿ ಮೇನ್ ಪುಟಕ್ಕೆ ಹೋಗಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಮಾತ್ರ ಈ ಸಾಲು ಹೊರಗೆ ಬರುತ್ತದೆ. ಬದಲಾಯಿಸುವಾಗ "ಡೇಟಾ ಹೋಗಬಹುದು" ಅಂತ ಕೆಲವು ಬಯಾಸ್‌ಗಳು ಹೆದರಿಸುತ್ತವೆ. ಎರಡು ಡಿಸ್ಕ್ ಸೇರಿಸಿ ರೇಡ್ ಕಟ್ಟಿದ್ದರೆ, ಅಥವಾ ಆಪ್ಟೇನ್ ಮೆಮೊರಿ ಕ್ಯಾಶ್ (ಡಿಸ್ಕಿನ ವೇಗ ಹೆಚ್ಚಿಸುವ ಇಂಟೆಲ್‌ನ ವ್ಯವಸ್ಥೆ) ಆನ್ ಇದ್ದರೆ ಆ ಹೆದರಿಕೆ ನಿಜ, ಅಲ್ಲಿ ಮುಟ್ಟಬೇಡಿ. ಒಂದೇ ಡಿಸ್ಕ್ ಇರುವ ಕಡೆ ಈ ಸ್ವಿಚ್ ಡಿಸ್ಕಿನ ಮೇಲೆ ಏನನ್ನೂ ಬರೆಯುವುದಿಲ್ಲ.

ಅದಕ್ಕೂ ಮುಂಚೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ) ಕೀ ಹುಡುಕಿಟ್ಟುಕೊಳ್ಳಿ. ಹೋಮ್ ಆವೃತ್ತಿಯಲ್ಲೂ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಸೆಟಪ್ ಮಾಡಿದ್ದರೆ "ಡಿವೈಸ್ ಎನ್‌ಕ್ರಿಪ್ಷನ್" ಹೇಳದೆ ಕೇಳದೆ ಆನ್ ಆಗಿರಬಹುದು. ಬಯಾಸ್ ಸೆಟ್ಟಿಂಗ್ ಬದಲಾದದ್ದು ಕಂಡು ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಆರಾರು ಅಂಕಿಯ ಎಂಟು ಗುಂಪು. ಸೆಟಪ್ ಮಾಡಿದ ಮೈಕ್ರೋಸಾಫ್ಟ್ ಅಕೌಂಟ್‌ನ ಡಿವೈಸಸ್ ಪುಟದಲ್ಲಿ ಸಿಗುತ್ತದೆ. ಸೆಟಪ್ ಮಾಡಿದವರು ಬೇರೆಯಾದರೆ ಕೀ ಅವರ ಅಕೌಂಟ್‌ಗೆ ಹೋಗಿ ಕೂತಿರುತ್ತದೆ. ಮನೆಯವರ, ಕಾಲೇಜಿನ ಐಡಿ, ವಿಂಡೋಸ್ ಹಾಕಿದವರ ಐಡಿ ಎಲ್ಲ ನೋಡಿ. ಕೀ ಇಲ್ಲದೆ ಆ ಡಿಸ್ಕನ್ನು ಯಾವ ಲ್ಯಾಬೂ ತೆರೆಯಲಾರದು.

ಆಲ್ಟ್_ಎಫ್4:

ಇಷ್ಟೆಲ್ಲ ಯಾಕೆ? ಕಮಾಂಡ್ ಪ್ರಾಂಪ್ಟ್‌ನಲ್ಲಿ ಚೆಕ್‌ಡಿಸ್ಕ್ ಕೊಡಿ. ಆಗಿಲ್ಲ ಅಂದ್ರೆ "ರಿಸೆಟ್ ದಿಸ್ ಪಿಸಿ", "ಕೀಪ್ ಮೈ ಫೈಲ್ಸ್". ಅರ್ಧ ಗಂಟೆ ಕೆಲಸ.

ಪೆಂಗ್ವಿನ್‌ಪ್ರಿಯ:

ಬೇಡ ಮಾರಾಯ್ರೆ, ಎರಡೂ ಬೇಡ. ಡಿಸ್ಕೇ ಕಾಣದಿರುವಾಗ ಚೆಕ್‌ಡಿಸ್ಕ್ ಯಾವುದರ ಮೇಲೆ ಓಡುವುದು? ಅಲ್ಲಿ ಕಾಣುವ ಎಕ್ಸ್ ಡ್ರೈವ್ ರ್‍ಯಾಮ್‌ನಲ್ಲಿರುವ ತಾತ್ಕಾಲಿಕ ಡಿಸ್ಕು. ಕಾಣುತ್ತಿದ್ದರೂ, ನಕಲು ತೆಗೆಯುವ ಮುಂಚೆ ಚೆಕ್‌ಡಿಸ್ಕ್ ರಿಪೇರಿ ಓಡಿಸುವುದು ತಪ್ಪು. ಅದರ ಕೆಲಸ ಫೈಲ್‌ಸಿಸ್ಟಮನ್ನು ಒಪ್ಪ ಮಾಡುವುದು, ನಿಮ್ಮ ಫೈಲ್ ಉಳಿಸುವುದಲ್ಲ. ತಾಳೆಯಾಗದ ತುಂಡುಗಳನ್ನು "ಫೌಂಡ್.000" ಫೋಲ್ಡರ್‌ಗೆ ಹೆಸರಿಲ್ಲದ ಫೈಲುಗಳಾಗಿ ಎಸೆಯುತ್ತದೆ. ಸಾಯುತ್ತಿರುವ ಡಿಸ್ಕಾದರೆ ಆ ಓಡಾಟದಲ್ಲೇ ಕೊನೆಯುಸಿರು. ರಿಸೆಟ್‌ನಲ್ಲಿ ಫೈಲು ಉಳಿದರೂ ಪ್ರೋಗ್ರಾಂ ಎಲ್ಲ ಹೋಗುತ್ತವೆ, ಮಧ್ಯದಲ್ಲಿ ಕರೆಂಟು ಕೈಕೊಟ್ಟರೆ ಅದೂ ಇಲ್ಲ ಇದೂ ಇಲ್ಲ.

ಬೆಸುಗೆಕಡ್ಡಿಯವರ ಕಾರಣ ಸರಿಯೇ. ಆದರೆ ವಿಎಂಡಿ ಮುಟ್ಟುವುದಕ್ಕೂ ಮೊದಲು ಡೇಟಾ ಹೊರಗೆ ತೆಗೆಯಿರಿ ಅನ್ನುತ್ತೇನೆ. ವಿಂಡೋಸ್ ಬದಲು ಓಡಿಸಬಹುದಾದ ಲಿನಕ್ಸ್‌ನ ಕರ್ನಲ್‌ನಲ್ಲಿ ವಿಎಂಡಿ ಡ್ರೈವರ್ ಮೊದಲೇ ಇದೆ, ಸೆಟ್ಟಿಂಗ್ ಈಗಿರುವಂತೆಯೇ ಇದ್ದರೂ ಡಿಸ್ಕು ಕಾಣುತ್ತದೆ. (11ನೇ ತಲೆಮಾರಿಗಿಂತ ಹಳೆಯ ಯಂತ್ರದಲ್ಲಿ "ರೇಡ್" ಮೋಡ್ ಇದ್ದರೆ ಲಿನಕ್ಸಿಗೂ ಎನ್‌ವಿಎಂಇ ಕಾಣದೇ ಹೋಗಬಹುದು, ಅದು ಬೇರೆ ಕತೆ.)

ಬೇಕಾದ್ದು: ಬೇರೊಂದು ಕಂಪ್ಯೂಟರ್, 8 ಜಿಬಿ ಪೆನ್‌ಡ್ರೈವ್, ಡೇಟಾ ಹಿಡಿಸುವಷ್ಟು ದೊಡ್ಡ ಯುಎಸ್‌ಬಿ ಹಾರ್ಡ್‌ಡಿಸ್ಕ್. ಉಬುಂಟು (ಒಂದು ಬಗೆಯ ಲಿನಕ್ಸ್) 24.04ರ ಐಎಸ್‌ಒ ಫೈಲ್ ಇಳಿಸಿ ರೂಫಸ್ ಅನ್ನುವ ಪ್ರೋಗ್ರಾಂನಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿದ್ದದ್ದು ಅಳಿದುಹೋಗುತ್ತದೆ, ನೋಡಿಕೊಳ್ಳಿ. ಬೂಟ್ ಮೆನುಗೆ ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9. ಉಬುಂಟು ಸಹಿ ಇರುವ ಬೂಟ್‌ಲೋಡರ್ ಆದ್ದರಿಂದ ಸೆಕ್ಯೂರ್ ಬೂಟ್ ಆಫ್ ಮಾಡುವುದು ಬೇಡ. "ಟ್ರೈ ಉಬುಂಟು" ಮಾತ್ರ ಒತ್ತಿ. "ಇನ್‌ಸ್ಟಾಲ್" ಒತ್ತಿದರೆ ಕತೆ ಮುಗಿಯಿತು.

ಟರ್ಮಿನಲ್‌ನಲ್ಲಿ "ಎಲ್‌ಎಸ್‌ಬಿಎಲ್‌ಕೆ" ಕೊಟ್ಟರೆ ಡಿಸ್ಕುಗಳ ಪಟ್ಟಿ. "ಎನ್‌ವಿಎಂಇ0ಎನ್1" ಅನ್ನುವುದು ನಿಮ್ಮ ಎಸ್‌ಎಸ್‌ಡಿ, ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾರ್ಟಿಷನ್ ಹಳೆಯ ಸಿ ಡ್ರೈವ್. ಮೊದಲು ಆರೋಗ್ಯ ನೋಡಿ: ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕಿಕೊಂಡು "ಸ್ಮಾರ್ಟ್‌ಸಿಟಿಎಲ್ -ಎ" ಓಡಿಸಿ. "ಕ್ರಿಟಿಕಲ್ ವಾರ್ನಿಂಗ್" ಸೊನ್ನೆ ಇರಬೇಕು, "ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್" ಸೊನ್ನೆ ಇರಬೇಕು. ಗಡಿಯಾರ ತಪ್ಪಿದ್ದರೆ ಬ್ರೌಸರ್‌ನಲ್ಲಿ ಎಲ್ಲ ತಾಣವೂ ಸರ್ಟಿಫಿಕೇಟ್ ದೋಷ ತೋರಿಸುತ್ತದೆ, ಅದಕ್ಕೆ ಗಾಬರಿ ಬೇಡ, ಸಮಯ ಸರಿಮಾಡಿ.

ಎರಡೂ ಸೊನ್ನೆ ಇದ್ದರೆ ನೇರ ಕಾಪಿ. ಪಾರ್ಟಿಷನ್ನನ್ನು "ಮೌಂಟ್ -ಒ ಆರ್‌ಒ" ಅಂತ ಓದಲು ಮಾತ್ರ ತೆರೆಯಿರಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಡಿಸ್ಕನ್ನು ಅರೆನಿದ್ದೆಯಲ್ಲಿ ಬಿಟ್ಟಿರುತ್ತದೆ, ಅದರ ಮೇಲೆ ಬರೆದರೆ ಕೆಡುತ್ತದೆ. ಬಿಟ್‌ಲಾಕರ್ ಇದ್ದರೆ ಫೈಲ್ಸ್ ಕಿಟಕಿಯಲ್ಲಿ ಡಿಸ್ಕಿನ ಮೇಲೆ ಕ್ಲಿಕ್ ಮಾಡಿದಾಗ ಪಾಸ್‌ವರ್ಡ್ ಕೇಳುತ್ತದೆ, 48 ಅಂಕಿಯನ್ನು ನಡುವಿನ ಗೀಟುಗಳ ಸಮೇತ ಹೊಡೆಯಿರಿ.

ಏನೇನು ತೆಗೆಯಬೇಕು? ಟ್ಯಾಲಿ ಪ್ರೈಮ್ ಆದರೆ ಯೂಸರ್ಸ್ ಒಳಗೆ ಪಬ್ಲಿಕ್, ಅದರೊಳಗೆ ಟ್ಯಾಲಿಪ್ರೈಮ್, ಅದರೊಳಗೆ ಡೇಟಾ. 10000 ಥರದ ಬರೀ ಅಂಕಿಗಳ ಫೋಲ್ಡರ್‌ಗಳೇ ನಿಮ್ಮ ಕಂಪನಿಗಳು. ಅಲ್ಲಿ ಇಲ್ಲದಿದ್ದರೆ ಹಾಕಿದವರು ಬೇರೆ ದಾರಿ ಕೊಟ್ಟಿರುತ್ತಾರೆ, ಡಿ ಡ್ರೈವ್ ಕೂಡ ನೋಡಿ. ಆಮೇಲೆ ನಿಮ್ಮ ಹೆಸರಿನ ಯೂಸರ್ ಫೋಲ್ಡರ್ ಪೂರ್ತಿ. ಡಾಕ್ಯುಮೆಂಟ್ಸ್ ಖಾಲಿ ಕಂಡರೆ ಒನ್‌ಡ್ರೈವ್ ಫೋಲ್ಡರ್ ಒಳಗೆ ಇನ್ನೊಂದು ಡಾಕ್ಯುಮೆಂಟ್ಸ್ ಇರುತ್ತದೆ. ಅದರಲ್ಲಿ ಹೆಸರು ಕಂಡು, ತೆರೆಯಲು ಹೋದರೆ ದೋಷ ಬರುವ ಫೈಲುಗಳು ಡಿಸ್ಕಿನಲ್ಲಿ ಇಲ್ಲವೇ ಇಲ್ಲ, ಬರೀ ಹೆಸರು ಮಾತ್ರ. ಒಡಲು ಒನ್‌ಡ್ರೈವ್ ಸರ್ವರ್‌ನಲ್ಲಿದೆ, ಬ್ರೌಸರ್‌ನಿಂದ ಇಳಿಸಿಕೊಳ್ಳಿ. ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ವಿಂಡೋಸ್ ಲಾಗಿನ್ನಿಗೆ ಕಟ್ಟಿ ಹಾಕಿದಂಥವು, ಫೈಲ್ ಕಾಪಿ ಮಾಡಿದರೆ ಬರುವುದಿಲ್ಲ. ಬುಕ್‌ಮಾರ್ಕ್ ಬರುತ್ತದೆ.

ಯುಎಸ್‌ಬಿ 2 ಪೋರ್ಟಿನಲ್ಲಿ ಸೆಕೆಂಡಿಗೆ 30ರಿಂದ 35 ಎಂಬಿ, ಅಂದರೆ 60 ಜಿಬಿಗೆ ಅರ್ಧ ಗಂಟೆ. ಇದಕ್ಕಿಂತ ತೀರಾ ಕುಂಟಿದರೆ ನಿಲ್ಲಿಸಿ "ಡಿಮೆಸೇಜ್" (ಹೊಡೆಯುವಾಗ ಡಿ-ಎಂ-ಇ-ಎಸ್-ಜಿ) ಕೊಟ್ಟು ನೋಡಿ. "ಐ/ಒ ಎರರ್" ಸಾಲುಗಳು ಬರುತ್ತಿದ್ದರೆ ಫೈಲ್ ಫೈಲಾಗಿ ಎಳೆಯುವುದನ್ನು ಬಿಡಬೇಕು. ಆಗ ಗ್ನೂ ಡಿಡಿರೆಸ್ಕ್ಯೂ, ಇಡೀ ಡಿಸ್ಕನ್ನು ಒಂದೇ ಫೈಲಾಗಿ (ಅದೇ ಇಮೇಜ್) ನಕಲಿಸುವ ಪ್ರೋಗ್ರಾಂ. ಉಬುಂಟುವಿನಲ್ಲಿ ಪ್ಯಾಕೇಜ್ ಹೆಸರು "ಜಿಡಿಡಿರೆಸ್ಕ್ಯೂ", ಓಡಿಸುವಾಗ "ಡಿಡಿರೆಸ್ಕ್ಯೂ". ಮೊದಲ ಸುತ್ತು "-ಡಿ -ಎನ್", ಅಂದರೆ ಸಲೀಸಾಗಿ ಬರುವುದನ್ನೆಲ್ಲ ಮೊದಲು ಬಾಚಿಕೊ, ಕೆಟ್ಟ ಜಾಗವನ್ನು ಕೆರೆಯುತ್ತ ಕೂರಬೇಡ. ಎರಡನೇ ಸುತ್ತು "-ಡಿ -ಆರ್3", ಉಳಿದ ಜಾಗಕ್ಕೆ ಮೂರು ಪ್ರಯತ್ನ. ಕ್ರಮ ಯಾವಾಗಲೂ ಮೂಲ, ಇಮೇಜ್, ಮ್ಯಾಪ್ ಫೈಲ್. ಮೂಲ ಮತ್ತು ಗುರಿ ಅದಲುಬದಲಾದರೆ ಇದ್ದದ್ದೂ ಹೋಗುತ್ತದೆ, ಎಂಟರ್ ಒತ್ತುವ ಮುಂಚೆ ಇನ್ನೊಮ್ಮೆ ಎಲ್‌ಎಸ್‌ಬಿಎಲ್‌ಕೆ ನೋಡಿ. ಮ್ಯಾಪ್ ಫೈಲ್ ಬಿಟ್ಟು ಓಡಿಸಬೇಡಿ, ಅದಿದ್ದರೆ ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಇಮೇಜ್ ಇಡೀ 512 ಜಿಬಿ ಆಗುತ್ತದೆ, ಗುರಿ ಡಿಸ್ಕ್ 1 ಟಿಬಿ ಇರಲಿ. ಅದು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ನಡೆಯುವುದಿಲ್ಲ, ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಮುಂದಿನ ಪ್ರಯೋಗವೆಲ್ಲ ಇಮೇಜಿನ ಮೇಲೆ, ಮೂಲ ಡಿಸ್ಕ್ ಬಿಚ್ಚಿ ಪಕ್ಕಕ್ಕೆ.

ತಿರುಪುಳಿ:

ಬೂಟ್ ಮೆನುವೂ ಬರದ ಯಂತ್ರ ಇಟ್ಟುಕೊಂಡು ಇಲ್ಲಿಗೆ ಬರುವವರಿಗೆ ಎರಡು ಮಾತು. ಪವರ್ ಲೈಟ್ ಉರಿದು ಸ್ಕ್ರೀನ್ ಕಪ್ಪಿದ್ದರೆ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಆನ್ ಆಫ್ ಆದರೆ ಬೋರ್ಡು ಓಡುತ್ತಿದೆ, ಎಚ್‌ಡಿಎಂಐನಿಂದ ಟಿವಿಗೆ ಹಾಕಿ. ದೀಪ ಆಡದಿದ್ದರೆ ಚಾರ್ಜರ್ ಕಿತ್ತು ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದು ಮತ್ತೆ ನೋಡಿ, ರ್‍ಯಾಮ್ ತೆಗೆದು ಹಾಕಿ. ಆಗಲೂ ಇಲ್ಲ ಅಂದರೆ ತೊಂದರೆ ಬೋರ್ಡಿನದು. ಡೇಟಾ ಇರುವುದು ಎಸ್‌ಎಸ್‌ಡಿಯಲ್ಲಿ, ಅದನ್ನು ಬಿಚ್ಚಿಕೊಂಡೇ ಬೋರ್ಡನ್ನು ಸರ್ವೀಸಿಗೆ ಕೊಡಿ. "ಡೇಟಾಗೆ ನಾವು ಜವಾಬ್ದಾರರಲ್ಲ" ಅನ್ನುವ ಸಾಲಿನ ಕೆಳಗೇ ನಿಮ್ಮ ಸಹಿ ಹಾಕಿಸಿಕೊಳ್ಳುತ್ತಾರೆ.

ಬಿಚ್ಚುವಾಗ ಹಿಂಬದಿ ಮುಚ್ಚಳ ತೆಗೆದ ಕೂಡಲೇ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಕೀಳುವುದು. ಬ್ಯಾಟರಿ ಉಬ್ಬಿದ್ದರೆ ಚುಚ್ಚಿ ಒತ್ತಿ ಮಾಡಬೇಡಿ. ಎಸ್‌ಎಸ್‌ಡಿಗೆ ಒಂದೇ ತಿರುಪು, ಬಿಚ್ಚಿದರೆ ಕಡ್ಡಿ ತಾನೇ ಓರೆಯಾಗಿ ಏಳುತ್ತದೆ. ಅದರ ಅಳತೆ 2280 ಅಂತಿದ್ದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಯುಎಸ್‌ಬಿ ಕೇಸ್ ಕೊಳ್ಳುವಾಗ ಎನ್‌ವಿಎಂಇಯೋ ಎಂ.2 ಸಾಟಾವೋ ನೋಡಿ, ಆಕಾರ ಒಂದೇ ಆದರೂ ಒಂದರ ಕೇಸ್ ಇನ್ನೊಂದಕ್ಕೆ ಆಗುವುದಿಲ್ಲ. ಚಿನ್ನದ ಹಲ್ಲುಗಳಲ್ಲಿ ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ, ಒಂದಿದ್ದರೆ ಸಾಮಾನ್ಯವಾಗಿ ಎನ್‌ವಿಎಂಇ. ಲೇಬಲ್ ಓದುವುದೇ ಖಚಿತ. ಬೆಂಗಳೂರಿನವರು ಎಸ್‌.ಪಿ. ರೋಡಿಗೆ ಡಿಸ್ಕನ್ನೇ ಕೈಯಲ್ಲಿ ಹಿಡಿದು ಹೋದರೆ ತಪ್ಪಾಗುವುದಿಲ್ಲ.

ಬೇರೆ ವಿಂಡೋಸ್‌ಗೆ ಸಿಕ್ಕಿಸಿ ಕಾಪಿ ಮಾಡುವವರು ವಿಂಡೋಸ್‌ನಲ್ಲೇ ಇರುವ ರೋಬೊಕಾಪಿ ಕಮಾಂಡ್‌ಗೆ "/ಇ /ಎಕ್ಸ್‌ಜೆ /ಆರ್:1 /ಡಬ್ಲ್ಯೂ:1" ಕೊಡಿ. ಹಾಗೇ ಬಿಟ್ಟರೆ ಓದಲಾಗದ ಒಂದೊಂದು ಫೈಲನ್ನೂ ಅದು 10 ಲಕ್ಷ ಸಲ, ಪ್ರತಿ ಸಲಕ್ಕೆ 30 ಸೆಕೆಂಡ್ ಕಾದು, ಪ್ರಯತ್ನಿಸುತ್ತ ಕೂರುತ್ತದೆ. "/ಎಕ್ಸ್‌ಜೆ" ಇಲ್ಲದಿದ್ದರೆ ಯೂಸರ್ ಫೋಲ್ಡರ್‌ನ ಜಂಕ್ಷನ್‌ಗಳೊಳಗೆ (ಬೇರೆ ಫೋಲ್ಡರ್‌ಗೆ ಕಳಿಸುವ ಕೊಂಡಿಗಳು) ಗಿರಕಿ ಹೊಡೆಯುತ್ತದೆ.

ಹಳೆಯ ಹಾರ್ಡ್‌ಡಿಸ್ಕ್ ಇದ್ದು ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ ಮೇಲಿನ ಯಾವುದೂ ಬೇಡ. ಕರೆಂಟ್ ಕಿತ್ತು ಲ್ಯಾಬಿಗೇ ಕೊಡಿ, ಹೆಡ್ಡು ತಟ್ಟೆಯನ್ನು ಗೀರುವ ಪ್ರತಿ ನಿಮಿಷಕ್ಕೂ ಡೇಟಾ ಪುಡಿಯಾಗುತ್ತಿರುತ್ತದೆ. ಇನ್ನು ಎಸ್‌ಎಸ್‌ಡಿಯನ್ನು ಯಾರೋ ಆಗಲೇ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿಬಿಟ್ಟಿದ್ದರೆ ಅಳಿದ ಫೈಲು ಹುಡುಕುವ ಫೋಟೊರೆಕ್ ಪ್ರೋಗ್ರಾಂನಿಂದ ಏನೂ ನಿರೀಕ್ಷಿಸಬೇಡಿ. ಫಾರ್ಮ್ಯಾಟ್ ಜೊತೆಗೇ ಹೋಗುವ ಟ್ರಿಮ್ ಸೂಚನೆ ಹಳೆಯ ಜಾಗವನ್ನು ಖಾಲಿ ಮಾಡಿಸುತ್ತದೆ. ಹಾರ್ಡ್‌ಡಿಸ್ಕ್‌ನಲ್ಲಿ ನಡೆಯುತ್ತಿದ್ದ ಉಪಾಯ ಇಲ್ಲಿ ನಡೆಯುವುದಿಲ್ಲ.

ಅಂಗಡಿಲೆಕ್ಕ:

ಎಲ್ಲರಿಗೂ ದೊಡ್ಡ ನಮಸ್ಕಾರ. ಬಿಟ್‌ಲಾಕರ್ ಕೇಳಿತು, ಕೀ ಮಗನ ಅಕೌಂಟಿನಲ್ಲಿ ಸಿಕ್ಕಿತು. ಸ್ಮಾರ್ಟ್‌ನಲ್ಲಿ ಎರಡೂ ಸೊನ್ನೆ. ಉಬುಂಟುವಿನಿಂದ 74 ಜಿಬಿ ಕಾಪಿ ಆಯ್ತು, ಟ್ಯಾಲಿ ಫೋಲ್ಡರ್ ಬಂದಿದೆ. ಆಮೇಲೆ ವಿಎಂಡಿ ಆಫ್ ಮಾಡಿದೆ, ಇನ್ನೊಂದು ಸಲ ಕೀ ಕೇಳಿ ವಿಂಡೋಸ್ ಏನೂ ಆಗದವರ ಥರ ಎದ್ದು ಕೂತಿತು.

ಎರಡು ಸಂಶಯ. ಒಂದು, ಕನ್ನಡದಲ್ಲೇ ಉದ್ದ ಹೆಸರಿಟ್ಟ ಏಳು ಫೈಲುಗಳಿಗೆ ಕಾಪಿ ಆಗುವಾಗ "ಫೈಲ್ ನೇಮ್ ಟೂ ಲಾಂಗ್" ಬಂತು (ಹಾರ್ಡ್‌ಡಿಸ್ಕನ್ನು ಉಬುಂಟುವಿನಲ್ಲೇ ಫಾರ್ಮ್ಯಾಟ್ ಮಾಡಿದ್ದೆ). ಎರಡು, ಉಬುಂಟುವಿನಲ್ಲಿ ನುಡಿ ಫೈಲ್ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೀಟು, ಪೌಂಡ್ ಚಿಹ್ನೆ. ಕೆಟ್ಟುಹೋಗಿವೆಯಾ?

ಪೆಂಗ್ವಿನ್‌ಪ್ರಿಯ:

ಕೆಟ್ಟಿಲ್ಲ. ನುಡಿಯ ಹಳೆಯ ಫಾಂಟುಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿಕೊಂಡಿರುತ್ತವೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಆ ಸ್ಥಾನದ ಮೂಲ ಅಕ್ಷರಗಳೇ ಕಾಣುತ್ತವೆ. ನುಡಿ 01 ಇ ಫಾಂಟ್ ಇರುವ ಕಡೆ ತೆರೆಯಿರಿ, ಸರಿ ಕಾಣುತ್ತದೆ. ವರ್ಡ್ "ರಿಪೇರ್ ಮಾಡಲಾ" ಅಂದರೆ ಬೇಡ ಅನ್ನಿ. ಇವುಗಳೊಳಗೆ ಯೂನಿಕೋಡ್ ಕನ್ನಡ ಹೊಡೆದು ಹುಡುಕಿದರೂ ಏನೂ ಸಿಗುವುದಿಲ್ಲ, ಅದೂ ಇದೇ ಕಾರಣಕ್ಕೆ.

ಹೆಸರಿನ ವಿಷಯ: ನೀವು ಫಾರ್ಮ್ಯಾಟ್ ಮಾಡಿದ್ದು ಲಿನಕ್ಸ್‌ನ ಇಎಕ್ಸ್‌ಟಿ4 ಮಾದರಿಯಲ್ಲಿ ಆಗಿರುತ್ತದೆ. ಅದರಲ್ಲಿ ಹೆಸರಿಗೆ 255 ಬೈಟ್ ಮಿತಿ. ಯೂನಿಕೋಡ್ ಕನ್ನಡದ ಒಂದೊಂದು ಚಿಹ್ನೆಗೂ ಅಲ್ಲಿ 3 ಬೈಟ್ ಬೇಕು, ಗುಣಿತ ಒತ್ತುಗಳೂ ಲೆಕ್ಕಕ್ಕೆ ಸೇರುತ್ತವೆ. "ಕ್ಷ" ಒಂದಕ್ಕೇ 9 ಬೈಟ್. ಹಾಗಾಗಿ 85 ಚಿಹ್ನೆಗೆ ಮಿತಿ ಮುಗಿಯಿತು. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ಅದೇ 255 ಚಿಹ್ನೆಗಳವರೆಗೆ ಹೋಗುತ್ತದೆ. ಈಗ ವಿಂಡೋಸ್ ಎದ್ದಿದೆಯಲ್ಲ, ಆ ಏಳನ್ನು ಅಲ್ಲಿಂದಲೇ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಬೆಸುಗೆಕಡ್ಡಿ:

ಇನ್ನೊಂದು ಉಳಿದಿದೆ. ಚಾರ್ಜರ್ ಕಿತ್ತು ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಬಯಾಸ್ ದಿನಾಂಕ ನೋಡಿ. ಮತ್ತೆ 2021ಕ್ಕೆ ಹೋಗಿದ್ದರೆ ಬೋರ್ಡಿನ ಮೇಲೆ ವೈರ್ ಬೆಸೆದ ಸಿಆರ್2032 ಸೆಲ್ ಇದೆಯಾ ಹುಡುಕಿ. ಹೊಸದು 3 ವೋಲ್ಟ್ ಇರುತ್ತದೆ, ಮೀಟರ್‌ನಲ್ಲಿ 2.5ಕ್ಕಿಂತ ಕೆಳಗಿದ್ದರೆ ಬದಲಾಯಿಸಿ. ಬಿಡಿ ಸೆಲ್ ತಂದು ಬೆಸೆಯಬೇಡಿ, ಎರಡು ಪಿನ್ ಕನೆಕ್ಟರ್ ಸಮೇತ ಸಿಗುತ್ತದೆ, ಆದರೆ ಕೆಂಪು ಕಪ್ಪು ವೈರ್ ಹಳೆಯದರಂತೆಯೇ ಇದೆಯಾ ತಾಳೆ ನೋಡಿ. ಕೆಲವು ಹೊಸ ಬೋರ್ಡುಗಳಲ್ಲಿ ಈ ಸೆಲ್ಲೇ ಇರುವುದಿಲ್ಲ, ಗಡಿಯಾರವೂ ಮುಖ್ಯ ಬ್ಯಾಟರಿಯಿಂದಲೇ ಓಡುತ್ತದೆ. ಅಂಥದ್ದಾದರೆ ತಿಂಗಳುಗಟ್ಟಲೆ ಎತ್ತಿಡುವಾಗ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಮಾಡಿ ಇಡಿ. ವಿಎಂಡಿ ಡಿಸೇಬಲ್ ಇರುವ ಬಯಾಸ್ ಪುಟದ ಫೋಟೊ, ಆ 48 ಅಂಕಿ, ಎರಡನ್ನೂ ಕಾಗದದಲ್ಲಿ ತೆಗೆದು ಅಂಗಡಿಯ ಲೆಕ್ಕದ ಫೈಲಿಗೆ ಸೇರಿಸಿ.